ಖಾಕಿ ತೊಟ್ಟ ನಮ್ಮೂರವರು: ಕೊಡಗಿನ ಹಳ್ಳಿಯಲ್ಲಿ ಹೋಮ್‌ಗಾರ್ಡ್ ಆಗಿ ಕೆಲಸ ಮಾಡುವುದು ಹೇಗೆ

ಕೊಡಗಿನ ಹಳ್ಳಿ ಬಯಲುಸೀಮೆಯ ಹಳ್ಳಿಯ ಹಾಗಿರುವುದಿಲ್ಲ. ತೋಟದ ನಡುವೆ ಒಂದು ಮನೆ, ಗದ್ದೆ ದಾಟಿದರೆ ಇನ್ನೊಂದು, ಬಾಣೆ, ಅಂದರೆ ಗುಡ್ಡದ ಜಾಗ, ಹತ್ತಿ ಇಳಿದರೆ ಮತ್ತೊಂದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ಠಾಣೆಯಿಂದ ಜೀಪು ತಕ್ಷಣ ಹೊರಟರೂ ಬಂದು ಸೇರುವುದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಊರಿನಲ್ಲೇ ಇರುವ, ದಾರಿ ಗೊತ್ತಿರುವ, ಏನು ಮಾಡಬೇಕು ಎಂದು ಕಲಿತಿರುವ ಒಬ್ಬರು ಬೇಕೇ ಬೇಕು. ಗೃಹರಕ್ಷಕ ದಳದವರು, ಅಂದರೆ ನಾವೆಲ್ಲ ಹೋಮ್‌ಗಾರ್ಡ್ ಅನ್ನುವವರು, ಇಂಥ ಕೆಲಸಕ್ಕೆ ತಯಾರಾದವರು.

ಈ ದಳಕ್ಕೆ ಸೇರಬೇಕು ಎಂದುಕೊಂಡಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈಗಾಗಲೇ ಸೇರಿ, ಊರಿನಲ್ಲಿ ತಮ್ಮ ಜಾಗ ಯಾವುದು ಎಂದು ಗೊಂದಲದಲ್ಲಿ ಇರುವವರೂ ಓದಬಹುದು. ನನ್ನ ಅನಿಸಿಕೆ ಇಷ್ಟು. ಹೋಮ್‌ಗಾರ್ಡ್‌ನ ಬಲ ಇರುವುದು ಊರಿನ ಪರಿಚಯದಲ್ಲಿ. ಅದನ್ನು ಬಿಟ್ಟು ಲಾಠಿಯನ್ನು ನಂಬಿದರೆ ಊರಿಗೂ ಉಪಯೋಗವಿಲ್ಲ, ನಿಮಗೂ ಕಷ್ಟ.

ಮೊದಲು, ಯಾರು ಯಾರು ಎಂದು ತಿಳಿದುಕೊಳ್ಳಿ

ಪ್ರತಿ ಊರಿಗೂ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ. ಅವರು ಠಾಣೆಯ ಖಾಯಂ ಸಿಬ್ಬಂದಿ. ನಿಮ್ಮ ಊರಿನ ಬೀಟ್ ಯಾರದು ಎಂದು ಗೊತ್ತಿಲ್ಲದಿದ್ದರೆ ಇವತ್ತೇ ಠಾಣೆಗೆ ಹೋಗಿ ಕೇಳಿ. ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ.

ಹೋಮ್‌ಗಾರ್ಡ್‌ಗಳು ಸ್ವಯಂಸೇವಕರು. 1962ರ ಕರ್ನಾಟಕ ಗೃಹರಕ್ಷಕರ ಕಾಯ್ದೆಯ ಅಡಿಯಲ್ಲಿ ಕೆಲಸ ಮಾಡುತ್ತಾರೆ. ಜಿಲ್ಲೆಗೆ ಒಬ್ಬ ಸಮಾದೇಷ್ಟರು (ಕಮಾಂಡೆಂಟ್), ಅವರ ಕೆಳಗೆ ಘಟಕಗಳು, ಘಟಕಕ್ಕೆ ಒಬ್ಬ ಘಟಕಾಧಿಕಾರಿ. ಪೊಲೀಸ್, ಅಗ್ನಿಶಾಮಕ ದಳ, ಚುನಾವಣೆ, ಪ್ರವಾಸಿ ತಾಣ, ನೆರೆ ಹೀಗೆ ಎಲ್ಲಿ ಕೈ ಕಡಿಮೆ ಬೀಳುತ್ತದೋ ಅಲ್ಲಿಗೆ ಕರೆಯುತ್ತಾರೆ. ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿ ರಸ್ತೆಯುದ್ದಕ್ಕೂ ಹಗ್ಗ ಹಿಡಿದು ನಿಂತವರನ್ನು ನೀವು ನೋಡಿರುತ್ತೀರಿ. ಬೆಳಗಿನವರೆಗೆ ನಿಲ್ಲುವ ಕೆಲಸ ಅದು.

ಇದಲ್ಲದೆ ಗ್ರಾಮ ರಕ್ಷಣಾ ದಳ ಎಂದು ಇನ್ನೊಂದಿದೆ. ಅದಕ್ಕೆ 1964ರ ಬೇರೆ ಕಾಯ್ದೆ ಇದೆ. ಅದರ ಮುಖ್ಯಸ್ಥರನ್ನು ದಳಪತಿ ಅನ್ನುತ್ತಾರೆ. ಎಲ್ಲ ಊರಿನಲ್ಲೂ ಅದು ಚುರುಕಾಗಿಲ್ಲ. ನಿಮ್ಮ ಊರಿನಲ್ಲಿ ಇದ್ದರೆ ದಳಪತಿಯವರ ಪರಿಚಯ ಮಾಡಿಕೊಳ್ಳಿ. ಒಂದೇ ಊರಿನಲ್ಲಿ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಓಡಿದರೆ ಜನರಿಗೆ ಯಾರ ಮಾತು ಕೇಳಬೇಕು ಎಂದೇ ತಿಳಿಯುವುದಿಲ್ಲ.

ಸೇರುವುದು ಹೇಗೆ

ಜಿಲ್ಲಾ ಗೃಹರಕ್ಷಕ ದಳದ ಕಚೇರಿ ಆಗಾಗ ಅರ್ಜಿ ಕರೆಯುತ್ತದೆ. ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಪ್ರಕಟಣೆಗೆ ಕಾಯದೆ ಹತ್ತಿರದ ಘಟಕಕ್ಕೆ ಹೋಗಿ ವಿಚಾರಿಸುವುದು ಇನ್ನೂ ಒಳ್ಳೆಯದು. ಹತ್ತನೇ ತರಗತಿಯ ಅಂಕಪಟ್ಟಿ, ಆಧಾರ್, ವಾಸದ ದಾಖಲೆ, ಫೋಟೊ ಜೊತೆಯಲ್ಲಿ ಇರಲಿ. ವಯಸ್ಸು ಮತ್ತು ಮೈಕಟ್ಟಿನ ನಿಯಮಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಮೇಲೆ ಕ್ರಿಮಿನಲ್ ಕೇಸು ಇರಬಾರದು. ಸೇರಿಸಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನೇರವಾಗಿ ಜಿಲ್ಲಾ ಕಚೇರಿಗೆ ತಿಳಿಸಿ.

ಮನೆಯವರ ಹತ್ತಿರ ಮೊದಲೇ ಒಂದು ಮಾತು ಆಡಿಕೊಳ್ಳಿ. ಇದು ಸರ್ಕಾರಿ ನೌಕರಿಯಲ್ಲ. ಕರೆದ ದಿನಕ್ಕೆ ಭತ್ಯೆ ಸಿಗುತ್ತದೆ, ಕರೆಯದ ದಿನಕ್ಕೆ ಇಲ್ಲ. ಖಾಯಂ ಮಾಡಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಲಿಲ್ಲ. ಆದರೆ ತಿಂಗಳಿಡೀ ಕೆಲಸ ಮಾಡಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನದಷ್ಟು ಕೈಗೆ ಬರುವ ಹಾಗೆ ದಿನದ ಭತ್ಯೆ ಇರಬೇಕು ಎಂದು ಹೇಳಿತು. ಕರೆದ ದಿನಗಳ ಲೆಕ್ಕವನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಭತ್ಯೆ ತಡವಾದಾಗ ಕೇಳುವುದಕ್ಕೆ ಅದೇ ಆಧಾರ. ತೋಟದ ಕೆಲಸವೋ ಅಂಗಡಿಯೋ ಬೇರೆ ಒಂದು ದುಡಿಮೆ ಕೈಯಲ್ಲಿ ಇರಲಿ.

ನಿಮ್ಮ ಅಧಿಕಾರ ಎಲ್ಲಿಯವರೆಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ.

ನಿಮ್ಮನ್ನು ಕರ್ತವ್ಯಕ್ಕೆ ಕರೆದಾಗ ಕಾಯ್ದೆ ನಿಮಗೆ ಪೊಲೀಸ್ ಅಧಿಕಾರಿಗೆ ಇರುವ ಅಧಿಕಾರ, ರಕ್ಷಣೆ ಎರಡನ್ನೂ ಕೊಡುತ್ತದೆ. ಪೊಲೀಸರ ನೆರವಿಗೆ ಹೋದಾಗ ನೀವು ಅಲ್ಲಿನ ಪೊಲೀಸ್ ಅಧಿಕಾರಿಯ ಮಾತಿನಂತೆ ನಡೆಯಬೇಕು. ಕರೆ ಮುಗಿದು ಮನೆಗೆ ಬಂದ ಮೇಲೆ ನೀವು ಊರಿನ ಒಬ್ಬ ಸಾಮಾನ್ಯ ಮನುಷ್ಯ. ಡ್ಯೂಟಿ ಇಲ್ಲದ ದಿನ ಖಾಕಿ ಹಾಕಿಕೊಂಡು ಜಗಳ ಬಿಡಿಸಲು ಹೋಗಬೇಡಿ. ನೆಂಟರ ಜಾಗದ ತಕರಾರಿಗೆ ಅಂತೂ ಬೇಡವೇ ಬೇಡ. ಊರಿನಲ್ಲಿ ಒಮ್ಮೆ ಹೆಸರು ಕೆಟ್ಟರೆ ಮತ್ತೆ ಯಾರೂ ನಿಮಗೆ ನಿಜ ಹೇಳುವುದಿಲ್ಲ.

ಕಳ್ಳತನವೋ ಹಲ್ಲೆಯೋ ಕಣ್ಣೆದುರೇ ನಡೆಯಿತು ಅಂದುಕೊಳ್ಳಿ. ನೀವು ಡ್ಯೂಟಿಯಲ್ಲಿಲ್ಲ. ಆಗಲೂ ಕಾನೂನು ದಾರಿ ಕೊಟ್ಟಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ, ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧವನ್ನು ತನ್ನ ಎದುರೇ ಮಾಡಿದವನನ್ನು ಯಾವ ನಾಗರಿಕ ಬೇಕಾದರೂ ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ ಹಾಗಿಲ್ಲ. ಕಟ್ಟಿಹಾಕಿ ವಿಡಿಯೊ ಮಾಡುವ ಹಾಗೂ ಇಲ್ಲ. 112ಕ್ಕೆ ಕರೆ ಮಾಡಿ, ಹೊತ್ತು ಬರೆದುಕೊಳ್ಳಿ, ಸಾಕ್ಷಿಗಳನ್ನು ಜೊತೆಯಲ್ಲೇ ನಿಲ್ಲಿಸಿಕೊಳ್ಳಿ.

ದಂಡ ವಸೂಲಿ ನಿಮ್ಮ ಕೆಲಸವಲ್ಲ. ನಿಮ್ಮಷ್ಟಕ್ಕೆ ನೀವೇ ಮನೆಗೆ ನುಗ್ಗಿ ಹುಡುಕುವುದೂ ಅಲ್ಲ. ಅದಕ್ಕೆ ಪೊಲೀಸ್ ಅಧಿಕಾರಿ ಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ತೀರಾ ಅಸಾಧಾರಣ ಸಂದರ್ಭ ಬಿಟ್ಟು ಮಹಿಳೆಯರನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಒಪ್ಪಿಗೆ ಪಡೆದು ಮಾಡಬೇಕು.

ಕೊಡಗಿನವರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಕೊಡವರಿಗೆ ಮತ್ತು ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿಯ, ಹಿಡುವಳಿದಾರರಿಗೆ ಆಯುಧ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಮನೆತನದ ಹಕ್ಕು, ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ಸೇರಿದ್ದು. ಮನೆಯ ಕೋವಿಯನ್ನು ಡ್ಯೂಟಿಗೆ ತರಬೇಡಿ. ಕಳ್ಳರನ್ನು ಹುಡುಕುವ ರಾತ್ರಿ ಗಸ್ತಿಗೂ ತರಬೇಡಿ. ಕತ್ತಲಲ್ಲಿ ಕಾಫಿ ಗಿಡದ ಹಿಂದೆ ಯಾರಿದ್ದಾರೆ ಎಂದು ನಿಮಗೆ ಕಾಣುವುದಿಲ್ಲ.

ಊರಿನ ಪಟ್ಟಿ ಮಾಡಿ

ಸೇರಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಇದು. ಯಾರೂ ಹೇಳಿಕೊಡುವುದಿಲ್ಲ, ಆದರೆ ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ. ಒಂದು ಗಟ್ಟಿ ಪುಸ್ತಕ ತಗೊಳ್ಳಿ. ಮೊಬೈಲ್ ಸಾಲದು, ಮಳೆಗಾಲದಲ್ಲಿ ಚಾರ್ಜ್ ಇರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ.

ಊರಿನ ಒಂದು ಕಡೆಯಿಂದ ನಡೆಯುತ್ತಾ ಹೋಗಿ. ಒಂಟಿಯಾಗಿರುವ ಹಿರಿಯರು ಯಾರು? ನಮ್ಮಲ್ಲಿ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮನೆಗಳು ಜಾಸ್ತಿ. ಅಜ್ಜ ಅಜ್ಜಿ ಇಬ್ಬರೇ ದೊಡ್ಡ ಮನೆಯಲ್ಲಿ ಇರುತ್ತಾರೆ. ಅವರ ಮಕ್ಕಳ ನಂಬರ್ ಬರೆದುಕೊಳ್ಳಿ. ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿಯರು, ಕಣ್ಣು ಕಾಣದವರು ಯಾವ ಮನೆಯಲ್ಲಿ ಇದ್ದಾರೆ ಎಂದು ಗುರುತು ಮಾಡಿ. ಗರ್ಭಿಣಿಯರ ವಿಷಯ ಆಶಾ ಕಾರ್ಯಕರ್ತೆಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ.

ಆಮೇಲೆ ಸಾಮಾನಿನ ಲೆಕ್ಕ. ಫೋರ್‌ವೀಲ್ ಜೀಪು ಯಾರಲ್ಲಿದೆ? ಪಿಕಪ್ ಯಾರಲ್ಲಿದೆ? ಮರ ಕೊಯ್ಯುವ ಯಂತ್ರ, ಉದ್ದದ ಹಗ್ಗ, ಜನರೇಟರ್, ದೊಡ್ಡ ಟಾರ್ಚ್ ಯಾವ ಮನೆಯಲ್ಲಿದೆ? ಈಜು ಬಲ್ಲವರು ಯಾರು? ಹಾವು ಹಿಡಿಯುವವರು ಯಾರು? ಬಾಣೆಯ ಯಾವ ಜಾಗದಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ? ಮುಖ್ಯ ರಸ್ತೆ ಮುಚ್ಚಿದರೆ ತೋಟದ ಒಳಗಿನ ಯಾವ ದಾರಿಯಲ್ಲಿ ಜೀಪು ಹೋಗುತ್ತದೆ? ಆ ದಾರಿಗೆ ಗೇಟಿದ್ದರೆ ಬೀಗದ ಕೈ ತೋಟದ ಲೆಕ್ಕ ನೋಡುವ ರೈಟರ ಹತ್ತಿರವೋ ಮೇಸ್ತ್ರಿಯ ಹತ್ತಿರವೋ?

ಇದನ್ನು ಬರೆಯುವಾಗಲೇ ಊರಿನವರು ನಿಮ್ಮನ್ನು ನೋಡುತ್ತಾರೆ, ಮಾತಾಡಿಸುತ್ತಾರೆ, ಕಾಫಿ ಕೊಡುತ್ತಾರೆ. ಮುಂದೆ ಅವರು ಮೊದಲು ಕರೆ ಮಾಡುವುದು ನಿಮಗೆ. ಪಟ್ಟಿಯ ಅರ್ಧ ಉಪಯೋಗ ಇದೇ.

ಒಂದು ಪ್ರತಿಯನ್ನು ಬೀಟ್ ಪೊಲೀಸರಿಗೆ ಕೊಡಿ. ಬೇರೆ ಯಾರಿಗೂ ಬೇಡ. ಒಂಟಿ ಹಿರಿಯರ ಮನೆ ಎಲ್ಲೆಲ್ಲಿದೆ ಎನ್ನುವ ಪಟ್ಟಿ ವಾಟ್ಸಾಪ್ ಗ್ರೂಪಿಗೆ ಹೋದರೆ ಅದು ಕಳ್ಳರಿಗೆ ದಾರಿ ತೋರಿಸಿದ ಹಾಗೆ.

ಮಳೆಗಾಲ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡಗಳು ಕುಸಿದದ್ದನ್ನು ಕೊಡಗಿನಲ್ಲಿ ಯಾರೂ ಮರೆತಿಲ್ಲ. ಮರುವರ್ಷ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಈಗ ಮಳೆಗಾಲಕ್ಕೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ತಂಡ ಜಿಲ್ಲೆಗೆ ಬಂದು ನಿಲ್ಲುತ್ತದೆ. ಅವರಲ್ಲಿ ದೋಣಿ ಇದೆ, ಯಂತ್ರ ಇದೆ, ತರಬೇತಿ ಇದೆ. ಯಾವ ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ಕೆಳಗೆ ಯಾರ ಮನೆ ಇದೆ, ಅಲ್ಲಿ ಎಷ್ಟು ಜನ ಮಲಗುತ್ತಾರೆ ಎನ್ನುವುದು ಮಾತ್ರ ನಿಮಗೆ ಗೊತ್ತಿರಬೇಕು. ಅದಕ್ಕೇ ಆ ಪುಸ್ತಕ.

ಮೇ ತಿಂಗಳಲ್ಲೇ ಬರೆಯ ಅಂಚಿನ ಮನೆಗಳಿಗೆ ಒಮ್ಮೆ ಹೋಗಿ ಬನ್ನಿ. ಮನೆ ಬಿಟ್ಟವರು ಉಳಿಯುವ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ಎಂದು ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಕೇಳಿ ತಿಳಿದುಕೊಂಡು ಜನರಿಗೆ ಹೇಳಿ. ಆಧಾರ್, ಪಹಣಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ, ಮಾತ್ರೆಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹತ್ತಿರವೇ ಇರಲಿ ಎಂದು ಹೇಳಿ.

ಬರೆ ಕುಸಿಯುವ ಮೊದಲು ಭೂಮಿ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಮನೆಯ ಹಿಂದೆ ಅಥವಾ ಅಂಗಳದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಕರೆಂಟ್ ಕಂಬ ವಾಲುವುದು. ಸಲೀಸಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯುವುದು. ಒಣಗಿದ ಜಾಗದಲ್ಲಿ ಕೆಸರು ನೀರು ಚಿಮ್ಮುವುದು. ಎಲ್ಲಕ್ಕಿಂತ ಅಪಾಯದ ಸೂಚನೆ ಎಂದರೆ ಜೋರು ಮಳೆಯಲ್ಲೂ ತೋಡಿನ ನೀರು ಫಕ್ಕನೆ ಕಡಿಮೆಯಾಗುವುದು. ಮೇಲೆ ಎಲ್ಲೋ ಮಣ್ಣು ಕುಸಿದು ನೀರನ್ನು ತಡೆದಿರಬಹುದು. ಇವುಗಳಲ್ಲಿ ಒಂದು ಕಂಡರೂ ಜನರನ್ನು ಮೊದಲು ಹೊರಡಿಸಿ, ಆಮೇಲೆ ಫೋನ್ ಮಾಡಿ. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077, ಪೊಲೀಸ್, ಅಗ್ನಿಶಾಮಕ ಎಲ್ಲಕ್ಕೂ 112.

ಹೊರಡಿಸುವುದು ಹೇಳಿದಷ್ಟು ಸುಲಭವಲ್ಲ. ಹಸು ಇದೆ, ನಾಯಿ ಇದೆ, ದೇವರ ಕೋಣೆಯಲ್ಲಿ ದೀಪ ಇದೆ ಅನ್ನುತ್ತಾರೆ. ಹೆದರಿಸಿದರೆ ಇನ್ನೂ ಬಿಗಿಯಾಗುತ್ತಾರೆ. ಮನೆಯ ಹಿರಿಯರನ್ನು ಪಕ್ಕಕ್ಕೆ ಕರೆದು, "ಅಜ್ಜ, ನೀವು ಎದ್ದರೆ ಎಲ್ಲರೂ ಏಳ್ತಾರೆ" ಎಂದು ಹೇಳಿ. ಹಸುಗಳ ಹಗ್ಗ ಬಿಚ್ಚಿಬಿಡಿ, ಅವು ತಮ್ಮ ದಾರಿ ಕಂಡುಕೊಳ್ಳುತ್ತವೆ. ಕಟ್ಟಿದ ಹಸುವನ್ನು ನೆನೆದು ಅರ್ಧ ದಾರಿಯಿಂದ ವಾಪಸ್ ಓಡುವವರು ಇರುತ್ತಾರೆ, ಆದ್ದರಿಂದ ಇದನ್ನು ಮೊದಲೇ ಮಾಡಿ. ಹೊರಟವರ ತಲೆ ಎಣಿಸಿ. ಕಾಳಜಿ ಕೇಂದ್ರ ತಲುಪಿದ ಮೇಲೆ ಮತ್ತೆ ಎಣಿಸಿ. ನೆಂಟರ ಮನೆಗೆ ಹೋದವರ ಹೆಸರನ್ನೂ ಬರೆಯಿರಿ. ಇಲ್ಲದಿದ್ದರೆ ಸುರಕ್ಷಿತವಾಗಿ ಇರುವವರನ್ನು ಹುಡುಕುತ್ತಾ ರಕ್ಷಣಾ ತಂಡ ಮಣ್ಣಿನಲ್ಲಿ ಹೊತ್ತು ಕಳೆಯಬೇಕಾಗುತ್ತದೆ.

ನದಿ ದಂಡೆಯ ಊರುಗಳಲ್ಲಿ ಲೆಕ್ಕ ಬೇರೆ. ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಏರುವುದು ಕಣ್ಣಿಗೆ ಕಾಣುತ್ತದೆ. ಹಾರಂಗಿಯಿಂದ ನೀರು ಬಿಟ್ಟರೆ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಅಪಾಯ. ಅಣೆಕಟ್ಟೆಯ ಸೂಚನೆ ಬಂದ ಕೂಡಲೇ ಬಾಗಿಲು ಬಾಗಿಲಿಗೆ ಹೋಗಿ ಹೇಳಿ. ಮೆಸೇಜ್ ಕಳಿಸಿ ಸುಮ್ನೆ ಕೂರಬೇಡಿ. ನೀರು ಹರಿಯುವ ಸೇತುವೆಗೆ ಅಡ್ಡ ಹಗ್ಗ ಕಟ್ಟಿ, ಸೆಲ್ಫಿಗೆ ಬಂದವರನ್ನು ದೂರ ನಿಲ್ಲಿಸಿ. ಹಗ್ಗ, ಜಾಕೆಟ್ ಇಲ್ಲದೆ ನೀವೂ ನೀರಿಗೆ ಇಳಿಯಬೇಡಿ.

ಗಡಿಯ ಊರಿನವರಿಗೆ ಒಂದು ಸಣ್ಣ ಸೂಚನೆ. ಮಾಕುಟ್ಟ, ಕುಟ್ಟ, ಕರಿಕೆ ಕಡೆ ಫೋನ್ ಕೇರಳದ ಟವರ್ ಹಿಡಿದಿದ್ದರೆ 112 ಕರೆ ಆ ಕಡೆಗೆ ಹೋಗಬಹುದು. ಮೊದಲ ಮಾತಿನಲ್ಲೇ ಕೊಡಗು ಜಿಲ್ಲೆ ಎಂದು ಹೇಳಿ. ಠಾಣೆಯ ನೇರ ನಂಬರ್ ಬಾಯಿಪಾಠ ಇರಲಿ.

ಕುಯ್ಲಿನ ಕಾಲ, ಆನೆ

ಕಾಫಿ ಬೆಲೆ ಏರಿದ ಮೇಲೆ ಕಣದಲ್ಲಿ ಒಣಗುವ ಕಾಫಿಗೂ ಕಾವಲು ಬೇಕಾಗಿದೆ. ಬೆಳೆಗಾರರಿಗೆ ನೀವು ಹೇಳಬಹುದಾದ ಮಾತುಗಳು ಸರಳ. ಕಣಕ್ಕೆ ಬೆಳಕು ಹಾಕಿ. ಮೂಟೆಗೆ ಗುರುತು ಹಾಕಿ. ರಾತ್ರಿ ಮೂಟೆಗಳನ್ನು ಅಂಗಳದಲ್ಲಿ ಬಿಡಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ತೋಟದ ರಸ್ತೆಗೆ ಬಂದ ವಾಹನದ ನಂಬರನ್ನು ಬರೆದು ಬೀಟ್ ಪೊಲೀಸರಿಗೆ ಕೊಡಿ. ಬೆನ್ನಟ್ಟಬೇಡಿ. ಕಳ್ಳತನ ನಡೆದಿದ್ದರೆ ಕಣವನ್ನು ಗುಡಿಸಬೇಡಿ ಎಂದು ಮೊದಲು ಹೇಳಿ. ಟೈರಿನ ಗುರುತು, ಹೆಜ್ಜೆ ಗುರುತು ಅಲ್ಲೇ ಇರುತ್ತದೆ.

ಕಳ್ಳತನವಾದ ಕೂಡಲೇ ಊರಿನ ಬೆರಳು ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಕಡೆಗೆ ಹೋಗುತ್ತದೆ. ಅಸ್ಸಾಂನಿಂದ ಬಂದವರು, ಆದಿವಾಸಿ ಹಾಡಿಯವರು ಎಂದು ಮಾತು ಶುರುವಾಗುತ್ತದೆ. ಇಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ನೋಡಿದವರು ಯಾರು, ಏನು ನೋಡಿದರು ಎಂದು ಕೇಳಿ. ಯಾರೂ ನೋಡಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರ ಜೀವ ಹೋಯಿತು. ಜನ ಸೇರುವ ಮೊದಲೇ ಪೊಲೀಸರನ್ನು ಕರೆಸುವುದು, ಆ ಮನುಷ್ಯನನ್ನು ಒಂದು ಕೋಣೆಯೊಳಗೆ ಸುರಕ್ಷಿತವಾಗಿ ಕೂರಿಸುವುದು, ನೀವು ಬಾಗಿಲಲ್ಲಿ ನಿಲ್ಲುವುದು. ಇಷ್ಟು ಮಾಡಿದರೆ ಒಂದು ಜೀವ ಉಳಿಯಬಹುದು.

ಆನೆ ಬಂದಾಗ ಅರಣ್ಯ ಇಲಾಖೆಯೇ ಮುಂದೆ ಇರಬೇಕು. ಅವರ ಸಹಾಯವಾಣಿ 1926. ಜಿಲ್ಲೆಯಲ್ಲಿ ಆನೆ ಕಾರ್ಯಪಡೆಯೂ ಇದೆ. ನಿಮ್ಮ ಕೆಲಸ ಜನರನ್ನು ನೋಡಿಕೊಳ್ಳುವುದು. ಆನೆಗಿಂತ ಅದನ್ನು ನೋಡಲು ಬರುವ ಜನರಿಂದಲೇ ಎಷ್ಟೋ ಸಲ ಅನಾಹುತ ಆಗುತ್ತದೆ. ರಸ್ತೆಯ ಎರಡೂ ಕಡೆ ವಾಹನ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ ಎನ್ನಿ, ಶಾಲೆ ಮಕ್ಕಳನ್ನು ಮನೆಯೊಳಗೆ ಕಳಿಸಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಯಾವ ಬ್ಲಾಕಿನಲ್ಲಿ ಆನೆ ಇದೆ ಎಂದು ಮೇಸ್ತ್ರಿಗಳಿಗೆ ತಿಳಿಸಿ. ತೋಟದಲ್ಲಿ ಜೀವ ಕಳೆದುಕೊಂಡ ಎಷ್ಟೋ ಕಾರ್ಮಿಕರಿಗೆ ಆ ಒಂದು ಮಾತು ಹೊತ್ತಿಗೆ ಸರಿಯಾಗಿ ಮುಟ್ಟಿರಲಿಲ್ಲ.

ಹಾಡಿಗೆ, ಲೈನ್‌ಮನೆಗೆ ಹೋಗುವಾಗ

ಎರವರು, ಜೇನುಕುರುಬರು, ಬೆಟ್ಟಕುರುಬರು ಇರುವ ಹಾಡಿಗಳಲ್ಲಿ ಖಾಕಿ ಕಂಡರೆ ಹೆದರಿ ಒಳಗೆ ಹೋಗುವವರು ಈಗಲೂ ಇದ್ದಾರೆ. ಅದಕ್ಕೆ ಕಾರಣಗಳೂ ಇವೆ. ಮೊದಲ ಸಲ ಸಮವಸ್ತ್ರ ಇಲ್ಲದೆ ಹೋಗಿ. ಹಾಡಿಯ ಹಿರಿಯರನ್ನು ಕಂಡು ಮಾತಾಡಿ. ಕೂತು ಮಾತಾಡಿ, ನಿಂತುಕೊಂಡು ಬೇಡ. ಹೋಮ್‌ಗಾರ್ಡ್ ಆಗಿ ಸೇರುವುದಕ್ಕೆ ಹಾಡಿಯ ಹುಡುಗ ಹುಡುಗಿಯರನ್ನೂ ಕರೆಯಿರಿ. ಅವರ ಭಾಷೆ ಬಲ್ಲ ಒಬ್ಬರು ದಳದಲ್ಲಿ ಇದ್ದರೆ ಎಷ್ಟು ಅನುಕೂಲ ಅಲ್ವಾ? ಕೊಡವ, ಅರೆಭಾಷೆ, ಮಲಯಾಳ, ತುಳು, ಎರವ ಎಲ್ಲ ಒಂದೇ ಸಂತೆಯಲ್ಲಿ ಕೇಳಿಸುವ ಜಿಲ್ಲೆ ನಮ್ಮದು.

ಹೆಂಡತಿಗೆ ಹೊಡೆತ, ಮಗುವಿನ ಮದುವೆ, ಕೂಲಿ ಕೊಡದೆ ಕೂಡಿಹಾಕಿರುವುದು, ಇಂಥವು ಕಿವಿಗೆ ಬಿದ್ದರೆ ನೀವೇ ಪಂಚಾಯ್ತಿ ಮಾಡಬೇಡಿ. ಮಹಿಳೆಯರಿಗೆ 181, ಮಕ್ಕಳಿಗೆ 1098. ದೂರು ಕೊಡಲು ಹೆದರುವವರ ಜೊತೆ ಠಾಣೆಗೆ ಹೋಗಿ ಕೂರಿ. ಅಪರಾಧ ಬೇರೆ ಠಾಣೆಯ ಗಡಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಲೇಬೇಕು ಎಂದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಮಹಿಳೆಯರನ್ನು, 15 ವರ್ಷದೊಳಗಿನ ಮತ್ತು 60 ದಾಟಿದವರನ್ನು ಸಾಕ್ಷಿ ಹೇಳಲು ಠಾಣೆಗೆ ಬನ್ನಿ ಎಂದು ಒತ್ತಾಯಿಸುವ ಹಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು. ಇದು ತುಂಬ ಜನರಿಗೆ ಗೊತ್ತಿಲ್ಲ. ಹೇಳಿ.

ರಸ್ತೆ ಅಪಘಾತದಲ್ಲೂ ಇದೇ ಹೆದರಿಕೆ. ಸಂಪಾಜೆ ಘಾಟಿಯಲ್ಲಿ ಗಾಡಿ ಮಗುಚಿದರೆ ನಿಲ್ಲಿಸಿದವರೇ ಕೇಸಿನಲ್ಲಿ ಸಿಕ್ಕಿಬೀಳುತ್ತಾರೆ ಎಂದು ಜನ ಮುಂದೆ ಹೋಗಿಬಿಡುತ್ತಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ತನ್ನ ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಆಟೋ ಸ್ಟ್ಯಾಂಡಿನಲ್ಲಿ, ಪಿಕಪ್ ಚಾಲಕರ ನಡುವೆ ಈ ವಿಷಯ ಹರಡಿ.

ಬರೆದಿಡುವುದು, ಬಿಟ್ಟುಕೊಡುವುದು

ಡ್ಯೂಟಿ ಮುಗಿದ ದಿನವೇ ನಾಲ್ಕು ಸಾಲು ಬರೆಯಿರಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಆದೇಶದ ಮೇಲೆ, ಏನು ನಡೆಯಿತು. ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದಾಗ ನೆನಪಿಗಿಂತ ಈ ಸಾಲುಗಳು ಗಟ್ಟಿ. ಡ್ಯೂಟಿಯಲ್ಲಿ ಗಾಯವಾದರೆ ಆ ದಿನವೇ ಘಟಕಾಧಿಕಾರಿಗೆ ಬರಹದಲ್ಲಿ ತಿಳಿಸಿ, ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಿ. ವಾರದ ಕವಾಯತು ತಪ್ಪಿಸಬೇಡಿ. ಹಗ್ಗದ ಗಂಟು, ಪ್ರಥಮ ಚಿಕಿತ್ಸೆ ಕೈಗೆ ಉಳಿಯುವುದು ಅಲ್ಲೇ.

ಊರಿನವರಿಗೂ ಒಂದು ಮಾತು. ರಾತ್ರಿಯಿಡೀ ಸೇತುವೆ ಕಾದ ಹುಡುಗಿಗೆ ಒಂದು ಲೋಟ ಬಿಸಿ ಕಾಫಿ, ಕೂರಲು ಒಂದು ಕುರ್ಚಿ, ಶೌಚಾಲಯ ಇರುವ ಮನೆಯ ಬಾಗಿಲು ತೆರೆದುಕೊಡಿ. ಮಹಿಳಾ ಹೋಮ್‌ಗಾರ್ಡ್‌ಗಳು ಡ್ಯೂಟಿಯಲ್ಲಿ ಪಡುವ ಕಷ್ಟಗಳಲ್ಲಿ ದೊಡ್ಡದು ಇದೇ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ದಳ ಬಿಡುವ ದಿನ ಬಂದರೆ ಪ್ರಮಾಣಪತ್ರ, ಸಮವಸ್ತ್ರ, ಕೊಟ್ಟ ಸಾಮಾನು ಎಲ್ಲವನ್ನೂ ಘಟಕಕ್ಕೆ ಹಿಂತಿರುಗಿಸಬೇಕು. ಇದು ಕಾಯ್ದೆಯ ನಿಯಮ. ಊರಿನ ಪಟ್ಟಿಯ ಪುಸ್ತಕವನ್ನು ಬೀಟ್ ಪೊಲೀಸರ ಎದುರಲ್ಲೇ ನಿಮ್ಮ ಜಾಗಕ್ಕೆ ಬರುವವರ ಕೈಗೆ ಕೊಡಿ. ಅವರ ಜೊತೆ ಊರನ್ನು ಒಂದು ಸುತ್ತು ಹಾಕಿ, ಒಂಟಿ ಹಿರಿಯರ ಮನೆಗಳಿಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಈ ಕೆಲಸ ಜೂನ್‌ಗೆ ಮೊದಲೇ ಮುಗಿಯಬೇಕು.